ಕಾಮತರ ಅಳತೆಗೋಲು ಮತ್ತು ಎರಡು ದಾರಿಯ ಮಕ್ಕಳು

ಶಿವಮೊಗ್ಗ, ಭದ್ರಾವತಿಯ ಕಡೆ ಐದನೇ ತರಗತಿಯ ಮಗು ಚುರುಕಾಗಿದ್ದರೆ ಗಾಜನೂರಿನ ನವೋದಯ ಪರೀಕ್ಷೆಗೆ ಅರ್ಜಿ ಹಾಕಿಸುತ್ತಾರೆ. ಕಲಿಕೆಯಲ್ಲಿ ತೀರಾ ಹಿಂದಿದ್ದರೆ ಮೆಗ್ಗಾನ್ ಆಸ್ಪತ್ರೆಯ ದಾರಿ, ಅಂಗವೈಕಲ್ಯ ಪ್ರಮಾಣಪತ್ರದ ಮಾತು. ಎರಡೂ ದಾರಿಗಳು ಎಲ್ಲೂ ಸೇರುವುದಿಲ್ಲ. ಹಾಗಿದ್ದರೂ ಅವುಗಳ ಹಿಂದಿರುವ ವಿದ್ಯೆ ಮೂಲದಲ್ಲಿ ಒಂದೇ ಆಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ 1920ರಲ್ಲಿ ಬುದ್ಧಿಮಾಂದ್ಯ ಮಕ್ಕಳ ಬಗ್ಗೆ ಪುಸ್ತಕ ಬರೆದರು. 1926ರಲ್ಲಿ ಅಸಾಧಾರಣ ಪ್ರತಿಭೆಯ ಮಕ್ಕಳ ಬಗ್ಗೆ. ವಿಷಯ ಬದಲಾಯಿಸಿದರೆಂದು ಅವರನ್ನು ಯಾರೂ ಆಕ್ಷೇಪಿಸುವಂತಿರಲಿಲ್ಲ. ತರಗತಿಯ ಸರಾಸರಿಗೆ ಹೊಂದದ ಮಗುವೇ ಅವರ ವಿಷಯ.

ಕನ್ನಡದಲ್ಲಿ ಈ ವಿದ್ಯೆಗೆ ತಳಪಾಯ ಹಾಕಿದವರು ವಿ.ವಿ. ಕಾಮತ್. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಮಾಪನವನ್ನು ಅವರು ಆಗಿನ ಮುಂಬೈ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಎಂದು ಹೆಸರಾದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಇದರ ಕಟ್ಟಡ ಸೊಗಸಾಗಿದೆ. ಮೂರು ವರ್ಷದಿಂದ ಹತ್ತರವರೆಗೆ ಪ್ರತಿ ವಯಸ್ಸಿಗೂ ಆರು ಪ್ರಶ್ನೆಗಳ ಒಂದು ಮೆಟ್ಟಿಲು. ಉತ್ತರಿಸಿದ ಒಂದೊಂದು ಪ್ರಶ್ನೆಗೂ ಮಾನಸಿಕ ವಯಸ್ಸಿನಲ್ಲಿ ಎರಡು ತಿಂಗಳ ಲೆಕ್ಕ. ಅಂಕಿಗಳನ್ನು ಕೇಳಿ ಹಾಗೆಯೇ ಹೇಳಬೇಕು, ಮುಂದೆ ಅವನ್ನೇ ಹಿಂದುಮುಂದಾಗಿ ಹೇಳಬೇಕು, ಚಿತ್ರ ನೋಡಿ ವಿವರಿಸಬೇಕು. ಎಲ್ಲ ಪ್ರಶ್ನೆಗೂ ಉತ್ತರ ಬರುವ ಮೆಟ್ಟಿಲಿನಿಂದ ಹೊರಟು, ಒಂದಕ್ಕೂ ಬಾರದ ಮೆಟ್ಟಿಲಿನಲ್ಲಿ ಪರೀಕ್ಷಕರು ನಿಲ್ಲಿಸುತ್ತಾರೆ. ಎಂಟು ವರ್ಷದ ಮಗುವಿನ ಮಾನಸಿಕ ವಯಸ್ಸು ಆರು ಬಂದರೆ ಬುದ್ಧಿಸೂಚ್ಯಂಕ 75, ಹತ್ತು ಬಂದರೆ 125. ಪರೀಕ್ಷೆಯ ಪುಸ್ತಕ ಅದೇ, ಪ್ರಶ್ನೆಗಳೂ ಅವೇ. ಈ ಮಗು ಯಾವ ಇಲಾಖೆಗೆ ಸೇರಿದ್ದು ಎಂದು ಅಳತೆಗೋಲು ಮೊದಲೇ ಕೇಳುವುದಿಲ್ಲ.

ಕೇಳಿದ್ದು ಆಮೇಲೆ ಬಂದ ಆಡಳಿತ. ವಿಶೇಷ ಶಿಕ್ಷಣದ ಬಿ.ಎಡ್. ಪದವಿ ಭಾರತೀಯ ಪುನರ್ವಸತಿ ಪರಿಷತ್ತಿನ ಕೆಳಗೆ ಬರುತ್ತದೆ. ಅಲ್ಲಿನ ವಿಭಾಗಗಳೆಲ್ಲ ವೈಕಲ್ಯದ ಹೆಸರಿನವು. ಮೈಸೂರಿನಲ್ಲಿ 1965ರಿಂದ ಇರುವ ವಾಕ್‌ಶ್ರವಣ ಸಂಸ್ಥೆ ಒಂದು ಕಡೆ, ಪ್ರತಿಭಾವಂತ ಮಕ್ಕಳ ಕುರಿತು ಅನಿತಾ ಕುರುಪ್ ಅವರ ನೇತೃತ್ವದಲ್ಲಿ ಸಂಶೋಧನೆ ನಡೆದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಇನ್ನೊಂದು ಕಡೆ. ಈ ಬೇರ್ಪಾಡಿನ ನಷ್ಟ ಕಾಣುವುದು ಎರಡೂ ಗುಣವಿರುವ ಮಗುವಿನಲ್ಲಿ. ಬಾಯಿಲೆಕ್ಕದಲ್ಲಿ ಎತ್ತಿದ ಕೈ, ಆದರೆ ‘ರಾಷ್ಟ್ರ’ದಂಥ ಪದದ ಒತ್ತಕ್ಷರಗಳ ಮುಂದೆ ತಡವರಿಸುವ ಮಗು ಅದು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ನಡೆಸಿದ ಅಧ್ಯಯನಗಳ ಪ್ರಕಾರ ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯೂ ಸಾಲದು. ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆ, 120 ನಿಮಿಷ. ಅಂಗವಿಕಲ ಮಕ್ಕಳಿಗೆ 40 ನಿಮಿಷ ಹೆಚ್ಚು ಸಿಗುತ್ತದೆ, ಪ್ರಮಾಣಪತ್ರ ಇದ್ದರೆ. ಬುದ್ಧಿವಂತಿಕೆಯ ಬಲದಿಂದ ಹೇಗೋ ಪಾಸಾಗುತ್ತ ಬಂದ ಮಗುವಿಗೆ ಆ ಕಾಗದ ಮಾಡಿಸಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ. ಹೀಗೆ ಪ್ರತಿಭೆ ಕೊರತೆಯನ್ನು ಮರೆಮಾಡುತ್ತದೆ, ಕೊರತೆ ಪ್ರತಿಭೆಯನ್ನು.

ಸರ್ಕಾರಿ ಶಾಲೆಯಲ್ಲಿ ಓದಲು ಬಾರದವರೇ ಇಷ್ಟಿರುವಾಗ ಜಾಣರ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ದುಡ್ಡಿದ್ದವರು ಜಾಣ ಮಗುವಿಗೆ ಕೋಚಿಂಗ್ ಕೊಡಿಸುತ್ತಾರೆ. ಯಾರ ಕಣ್ಣಿಗೂ ಬೀಳದೆ ಉಳಿಯುವುದು ಭದ್ರಾವತಿಯ ಹೊಸಮನೆ, ಜನ್ನಾಪುರದ ಕೂಲಿಕಾರರ ಜಾಣ ಮಗು. ಇದು ಉಳ್ಳವರ ಪರವಾದ ವಾದವಾಗುವುದು ಹೇಗೆ? ಅಳತೆಗೋಲೇ ಹಳತಾಯಿತು ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪಬೇಕು. ಕಾಮತರ ಪುಸ್ತಕದ ನಾಲ್ಕನೇ ಆವೃತ್ತಿ ಬಂದದ್ದು 1967ರಲ್ಲಿ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕಗಳು ಏರುತ್ತ ಹೋಗುವುದರಿಂದ ಹಳೆಯ ಮಾನದಂಡ ಇಂದಿನ ಮಗುವಿನ ಸೂಚ್ಯಂಕವನ್ನು ಹೆಚ್ಚಿಸಿ ತೋರಿಸುವ ಅಪಾಯವಿದೆ. ನೆರವು ಬೇಕಾದ ಮಗು ಬುದ್ಧಿಮಾಂದ್ಯ ಗುರುತಿಸುವ 70ರ ಗೆರೆ ದಾಟಿ ಆಚೆ ನಿಂತುಬಿಡಬಹುದು. ಆದರೆ ಇದಕ್ಕೆ ಪರಿಹಾರ ಅಳೆಯುವುದನ್ನೇ ಬಿಡುವುದಲ್ಲ, ಹೊಸದಾಗಿ ಅಳೆಯುವುದು. ಆ ಕೆಲಸಕ್ಕೆ ಎರಡೂ ತುದಿಯ ಮಕ್ಕಳನ್ನು ಬಲ್ಲ ವಿದ್ವಾಂಸರು ಬೇಕು.

ಅಂಥವರು ತಯಾರಾಗಬಹುದಾದ ಜಾಗ ಹತ್ತಿರದಲ್ಲೇ ಇದೆ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ, ಅಲ್ಲಿ ಶಿಕ್ಷಣ ವಿಭಾಗವೂ ಇದೆ. ಬಿ.ಎಡ್.ನಲ್ಲಿ ಪ್ರತಿಭಾವಂತ ಮಕ್ಕಳ ಶಿಕ್ಷಣವನ್ನು ವಿಶೇಷ ವಿಷಯವಾಗಿ ಕಲಿಸಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆದರೆ ಆ ಮಾತಿರುವುದು ನಾಲ್ಕನೇ ಅಧ್ಯಾಯದಲ್ಲಿ, ವಿಶೇಷ ಶಿಕ್ಷಕರ ಮಾತಿರುವುದು ಐದನೆಯದರಲ್ಲಿ. ಕಾಮತರು ಒಂದೇ ಪುಸ್ತಕದಲ್ಲಿ ಕೂರಿಸಿದ್ದ ಮಕ್ಕಳು ನೀತಿಯ ಕಾಗದದ ಮೇಲೂ ಬೇರೆ ಬೇರೆ ಬೆಂಚಿನಲ್ಲೇ ಕೂತಿದ್ದಾರೆ.