ಒಂದು ಲೋಟ ನೀರಿನಲ್ಲಿ ರಸಾಯನಶಾಸ್ತ್ರ

ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಅನೇಕ ಕೊಳವೆಬಾವಿಗಳ ನೀರು ನೋಡಲು ತಿಳಿಯಾಗಿರುವುದು. ಆದರೆ ಅದರಲ್ಲಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದರೆ, ಬೆಳೆಯುವ ಮಕ್ಕಳ ಹಲ್ಲುಗಳು ಕಲೆಗಟ್ಟುವುವು. ಇನ್ನೂ ಹೆಚ್ಚಾದರೆ ಮೂಳೆಗಳು ಕೆಡುವುವು. ಕುದಿಸಿ ಕುಡಿದರಾಯಿತೆ? ಆಗದು, ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಏರುವುದು. ಬಟವಾಡಿಯ ವಿದ್ಯಾರ್ಥಿಯು ರಸಾಯನಶಾಸ್ತ್ರವನ್ನೇಕೆ ಓದಬೇಕೆಂಬುದಕ್ಕೆ ಇದೊಂದೇ ಉತ್ತರ ಸಾಕು.

ಈ ಶಾಸ್ತ್ರದ ಶಾಖೆಗಳನ್ನೂ ಅದೇ ನೀರಿನಲ್ಲಿ ನೋಡೋಣ. ಫ್ಲೋರೈಡನ್ನು ಅಳೆಯುವುದು ವೈಶ್ಲೇಷಿಕ ಶಾಖೆ. ಅದನ್ನೊಳಗೊಂಡ ಶಿಲೆಯ ಖನಿಜಗಳನ್ನು ಅರಿಯುವುದು ನಿರವಯವ ಶಾಖೆ. ಅಲ್ಯೂಮಿನಾದ ಮೇಲ್ಮೈ ಅದನ್ನು ಹಿಡಿದಿಡುವ ಬಗೆಯನ್ನು ವಿವರಿಸುವುದು ಭೌತ ರಸಾಯನಶಾಸ್ತ್ರ. ಶುದ್ಧೀಕರಣ ಯಂತ್ರದ ಪಾಲಿಅಮೈಡ್ ಪೊರೆಯು ಸಾವಯವ ಶಾಖೆಯ ಕೊಡುಗೆ. ಹಲ್ಲು, ಮೂಳೆಗಳಲ್ಲಾಗುವ ಮಾರ್ಪಾಟನ್ನು ತಿಳಿಸುವುದು ಜೀವರಸಾಯನಶಾಸ್ತ್ರ. ವಿಭಾಗಗಳು ಕಲಿಯುವವರ ಅನುಕೂಲಕ್ಕಾಗಿ ಮಾತ್ರ. ನೀರು ಕುಡಿಯಲು ಯೋಗ್ಯವಾಗಬೇಕಾದರೆ ಎಲ್ಲವೂ ಬೇಕು.