ಬೈಸಿಕಲ್ ಟಯರ್ ವಾಲ್ವ್‌ಗಳು: ವಿಧಗಳು, ವ್ಯತ್ಯಾಸಗಳು ಮತ್ತು ಆಯ್ಕೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮುಂತಾದ ಪ್ರದೇಶಗಳ ವಸತಿ ಸಮುಚ್ಚಯಗಳ ನೆಲಮಾಳಿಗೆಗಳಲ್ಲಿ ಗಾಳಿಯಿಲ್ಲದ ಬೈಸಿಕಲ್‌ಗಳು ಧೂಳು ಹಿಡಿದು ನಿಂತಿರುವುದನ್ನು ಕಾಣಬಹುದಾಗಿದೆ. ಇಂತಹ ಎಲ್ಲ ಸೈಕಲ್‌ಗಳ ಟ್ಯೂಬ್ ಪಂಕ್ಚರ್ ಆಗಿರುವುದಿಲ್ಲ. ಕೆಲವು ಸಂದರ್ಭಗಳಲ್ಲಿ ವಾಲ್ವ್‌ನ ಸಣ್ಣ ಭಾಗವೊಂದು ಹಾಳಾಗಿರುತ್ತದೆ, ಇಲ್ಲವೇ ಮನೆಯಲ್ಲಿರುವ ಪಂಪು ಆ ವಾಲ್ವ್‌ಗೆ ಹೊಂದುವುದಿಲ್ಲ. ಆದ್ದರಿಂದ ಬಳಕೆಯಲ್ಲಿರುವ ಮೂರು ವಿಧದ ವಾಲ್ವ್‌ಗಳ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

1. ವುಡ್ಸ್ ವಾಲ್ವ್

ಇದನ್ನು ಡನ್‌ಲಪ್ ವಾಲ್ವ್ ಎಂದೂ ಕರೆಯಲಾಗುತ್ತದೆ. ಜಾನ್ ಬಾಯ್ಡ್ ಡನ್‌ಲಪ್ ಅವರು 1888ರಲ್ಲಿ ಗಾಳಿ ತುಂಬಿದ ಟಯರ್‌ಗೆ ಪೇಟೆಂಟ್ ಪಡೆದ ಕೆಲವೇ ವರ್ಷಗಳಲ್ಲಿ ಇದು ಬಳಕೆಗೆ ಬಂದಿತು. ನಮ್ಮಲ್ಲಿ ಸಾಮಾನ್ಯ ಕಪ್ಪು ಸೈಕಲ್‌ಗಳಲ್ಲಿ ಕಂಡುಬರುವುದು ಇದೇ ವಾಲ್ವ್. ಇದರೊಳಗಿನ ಲೋಹದ ಕಡ್ಡಿಯಲ್ಲಿ ಸಣ್ಣ ರಂಧ್ರವಿದ್ದು, ಅದರ ಮೇಲೆ ತೆಳುವಾದ ರಬ್ಬರ್ ಕೊಳವೆಯನ್ನು ತೊಡಿಸಲಾಗಿರುತ್ತದೆ. ಸೈಕಲ್ ಶಾಪ್‌ಗಳಲ್ಲಿ ಇದಕ್ಕೆ ‘ವಾಲ್‌ಟ್ಯೂಬ್’ ಎನ್ನುತ್ತಾರೆ. ಪಂಪು ಹೊಡೆದಾಗ ಗಾಳಿಯು ರಬ್ಬರನ್ನು ಸರಿಸಿ ಒಳಹೋಗುತ್ತದೆ. ನಂತರ ಒಳಗಿನ ಒತ್ತಡವೇ ರಬ್ಬರನ್ನು ರಂಧ್ರಕ್ಕೆ ಒತ್ತಿಹಿಡಿಯುತ್ತದೆ.

ಕಾಲಕ್ರಮೇಣ ರಬ್ಬರ್ ಬಿರುಕು ಬಿಡುವುದು ಇದರ ದೋಷ. ಆದರೆ ಅಲ್ಪ ವೆಚ್ಚದಲ್ಲಿ, ವಿಶೇಷ ಸಲಕರಣೆಯಿಲ್ಲದೆ ಅದನ್ನು ಬದಲಾಯಿಸಬಹುದು. ಪೆಟ್ರೋಲ್ ಬಂಕ್‌ನ ಗಾಳಿ ಕೊಳವೆಯು ಇದಕ್ಕೆ ನೇರವಾಗಿ ಹೊಂದುವುದಿಲ್ಲ. ಸಾಧಾರಣ ಮಾಪಕದಿಂದ ಒತ್ತಡವನ್ನು ಅಳೆಯಲೂ ಆಗುವುದಿಲ್ಲ.

2. ಶ್ರೇಡರ್ ವಾಲ್ವ್

ಅಮೆರಿಕದಲ್ಲಿ 1893ರಲ್ಲಿ ಪೇಟೆಂಟ್ ಪಡೆದ ಈ ವಾಲ್ವ್ ದ್ವಿಚಕ್ರ ವಾಹನ ಹಾಗೂ ಕಾರುಗಳಲ್ಲಿಯೂ ಬಳಕೆಯಲ್ಲಿದೆ. ಗೇರ್ ಸೈಕಲ್‌ಗಳಲ್ಲಿ ಮತ್ತು ಮಕ್ಕಳ ಸೈಕಲ್‌ಗಳಲ್ಲಿ ಇದು ಸಾಮಾನ್ಯ. ಒಳಗಿನ ಸ್ಪ್ರಿಂಗ್ ಇದನ್ನು ಮುಚ್ಚಿಡುತ್ತದೆ. ಹೊರ ವರ್ತುಲ ರಸ್ತೆಯಲ್ಲಿ ಸಂಚರಿಸುವವರು ದಾರಿಯ ಪೆಟ್ರೋಲ್ ಬಂಕ್‌ನಲ್ಲಿಯೇ ಗಾಳಿ ತುಂಬಿಸಿಕೊಳ್ಳಬಹುದು. ಆದರೆ ಎಚ್ಚರಿಕೆ ಅಗತ್ಯ: ಸೈಕಲ್ ಟ್ಯೂಬ್ ಚಿಕ್ಕದಾದುದರಿಂದ ಬಂಕ್‌ನ ಯಂತ್ರದಿಂದ ಕ್ಷಣಮಾತ್ರದಲ್ಲಿ ಗಾಳಿ ಮಿತಿಮೀರಿ ಟಯರ್ ಸಿಡಿಯುವ ಸಂಭವವಿದೆ. ಟಯರ್‌ನ ಪಾರ್ಶ್ವದಲ್ಲಿ ಮುದ್ರಿಸಿರುವ ಮಿತಿಯನ್ನು ಮೊದಲು ನೋಡಿ, ಸ್ವಲ್ಪ ಸ್ವಲ್ಪವಾಗಿ ತುಂಬಿಸತಕ್ಕದ್ದು. ಮಿತಿಯನ್ನು ‘ಬಾರ್’ಗಳಲ್ಲಿ ನಮೂದಿಸಿದ್ದಲ್ಲಿ, 1 ಬಾರ್ ಎಂದರೆ ಸುಮಾರು 14.5 ಪಿ.ಎಸ್.ಐ. ಎಂದು ತಿಳಿಯುವುದು.

3. ಪ್ರೆಸ್ಟಾ ವಾಲ್ವ್

ಫ್ರಾನ್ಸ್ ಮೂಲದ ಈ ತೆಳು ವಾಲ್ವ್ ಅಧಿಕ ಒತ್ತಡದ, ಕಿರಿದಾದ ಟಯರ್‌ಗಳ ರೇಸಿಂಗ್ ಮಾದರಿಯ ಸೈಕಲ್‌ಗಳಲ್ಲಿರುತ್ತದೆ. ಇದರಲ್ಲಿ ಸ್ಪ್ರಿಂಗ್ ಇಲ್ಲ. ಒಳಗಿನ ಗಾಳಿಯ ಒತ್ತಡವೇ ಇದನ್ನು ಮುಚ್ಚಿಡುತ್ತದೆ. ಗಾಳಿ ತುಂಬುವ ಮೊದಲು ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ನಂತರ ಬಿಗಿಗೊಳಿಸಬೇಕು. ತುದಿಯ ಕಡ್ಡಿ ಬಾಗದಂತೆ ಜಾಗ್ರತೆ ವಹಿಸಬೇಕು. ಬಂಕ್‌ನಲ್ಲಿ ಗಾಳಿ ತುಂಬಲು ಹಿತ್ತಾಳೆಯ ಅಡಾಪ್ಟರ್ ಅವಶ್ಯಕ. ಕನಕಪುರ ರಸ್ತೆಯಲ್ಲಿ ದೂರ ಪ್ರಯಾಣಿಸುವವರು ಇದನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಟ್ಯೂಬ್ ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ವುಡ್ಸ್ ಮತ್ತು ಶ್ರೇಡರ್ ವಾಲ್ವ್‌ಗಳಿಗೆ ರಿಮ್‌ನಲ್ಲಿ ಸುಮಾರು 8 ಮಿ.ಮೀ. ರಂಧ್ರವೂ, ಪ್ರೆಸ್ಟಾಗೆ ಸುಮಾರು 6 ಮಿ.ಮೀ. ರಂಧ್ರವೂ ಇರುತ್ತದೆ. ಆದ್ದರಿಂದ ವುಡ್ಸ್ ಇದ್ದ ಚಕ್ರಕ್ಕೆ ಶ್ರೇಡರ್ ಟ್ಯೂಬ್ ಹಾಕಿಸಬಹುದು. ಪ್ರೆಸ್ಟಾ ರಿಮ್‌ಗೆ ಇವೆರಡೂ ಹಿಡಿಯುವುದಿಲ್ಲ. ಹಿಡಿಸುವ ಸಲುವಾಗಿ ಕಿರಿದಾದ ರಿಮ್‌ನ ರಂಧ್ರವನ್ನು ಕೊರೆದು ದೊಡ್ಡದು ಮಾಡಿಸಿದಲ್ಲಿ ರಿಮ್ ದುರ್ಬಲವಾಗುತ್ತದೆ. ಹಳೆಯ ಟ್ಯೂಬನ್ನು ಅಂಗಡಿಗೆ ಕೊಂಡೊಯ್ದು ತೋರಿಸುವುದು ಉತ್ತಮ.

ಸರಳ ಪರೀಕ್ಷೆ

ಗಾಳಿ ತುಂಬಿಸಿ, ವಾಲ್ವ್‌ನ ತುದಿಗೆ ಒಂದು ಹನಿ ನೀರು ಬಿಡಿ. ಗುಳ್ಳೆಗಳು ಬಂದಲ್ಲಿ ದೋಷ ವಾಲ್ವ್‌ನದು. ವುಡ್ಸ್‌ನಲ್ಲಿ ವಾಲ್‌ಟ್ಯೂಬ್ ಬದಲಾಯಿಸಿ. ಶ್ರೇಡರ್‌ನಲ್ಲಿ ಒಳಗಿನ ಪಿನ್ ಬಿಗಿಗೊಳಿಸಿ ಅಥವಾ ಬದಲಾಯಿಸಿ. ಪ್ರೆಸ್ಟಾದಲ್ಲಿ ತುದಿಯ ತಿರುಪನ್ನು ಬಿಗಿಗೊಳಿಸಿ. ಗುಳ್ಳೆ ಬಾರದಿದ್ದಲ್ಲಿ ಮಾತ್ರ ಪಂಕ್ಚರ್ ಹುಡುಕಿಸಿ.

ರಾಜ್ಯದಲ್ಲಿ 2006-07ನೇ ಸಾಲಿನಲ್ಲಿ ಆರಂಭವಾದ ಯೋಜನೆಯಡಿ 8ನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್‌ಗಳನ್ನು ವಿತರಿಸಲಾಗಿತ್ತು. ಅಂತಹ ಸೈಕಲ್ ಮನೆಯಲ್ಲಿದ್ದಲ್ಲಿ, ಗುಜರಿಗೆ ಹಾಕುವ ಮುನ್ನ ಒಮ್ಮೆ ಈ ಪರೀಕ್ಷೆ ಮಾಡಿ ನೋಡುವುದು. ಬೆರಳುದ್ದದ ರಬ್ಬರ್ ತುಂಡೊಂದರಿಂದ ಮತ್ತೊಂದು ಮಗು ಶಾಲೆಗೆ ಸೈಕಲ್‌ನಲ್ಲಿ ಹೋಗುವಂತಾಗಬಹುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.