ಇಂದ್ರವದನ ಇಲ್ಲದ ಸಾರಾಭಾಯಿ ಮನೆ

2025ರ ಅಕ್ಟೋಬರ್ 25ರಂದು, 74ನೇ ವಯಸ್ಸಿನಲ್ಲಿ ಸತೀಶ್ ಶಾ ತೀರಿಕೊಂಡರು. ರಾತ್ರಿ ಶಿಫ್ಟ್ ಮುಗಿಸಿ ಹಳೆ ಕಂತು ನೋಡ್ತಾ ಮಲಗೋ ನನ್ನಂಥವರಿಗೆ ಅವರು ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ಯ ಇಂದ್ರವದನ. ಹೆಂಡತಿ ಮಾಯಾಳ ಕಾಲೆಳೆಯುತ್ತಾ, ಮಗ ರೋಸೇಶನ ಕವಿತೆಗಳನ್ನು ಗೇಲಿ ಮಾಡುತ್ತಾ, ಸೊಸೆ ಮೊನಿಷಾಳ ಪರ ನಿಲ್ಲುತ್ತಿದ್ದ ಮಾವ.

2004ರಲ್ಲಿ ಶುರುವಾದ ಧಾರಾವಾಹಿ 2017ರಲ್ಲಿ ಮತ್ತೆ ಬಂದಿತ್ತು. ಮೂರನೇ ಸೀಸನ್ ಬೇಕಾ ಅನ್ನೋದೇ ಈಗ ಅಭಿಮಾನಿಗಳ ಚರ್ಚೆ. ‘ತಾರಕ್ ಮೆಹ್ತಾ’ದ ಡಾಕ್ಟರ್ ಹಾಥಿ, ಕವಿ ಕುಮಾರ್ ಆಜಾದ್ 2018ರಲ್ಲಿ ಹೋದ ಮೇಲೆ ನಿರ್ಮಲ್ ಸೋನಿ ಬಂದರಲ್ಲ ಅಂತಾರೆ ಕೆಲವರು. ಆದರೆ ಅಲ್ಲಿ ಇಡೀ ಸೊಸೈಟಿಯೇ ಕಥೆ, ಇಲ್ಲಿ ಒಂದೇ ಮನೆ.

ನನ್ನ ಪ್ರಕಾರ, ಒಂದೇ ಒಂದು ಕಂತು ಬರಲಿ. ರೋಸೇಶ ಅಪ್ಪನಿಗಾಗಿ ಕವಿತೆ ಓದಲಿ. ಗೇಲಿ ಮಾಡೋಕೆ ಮಾತ್ರ ಯಾರೂ ಇರಲ್ಲ. ನೀವೇನಂತೀರಿ?